ಪದಚರ್ಚೆ: ಅನಿಮೇಷನ್ನಿನ ‘ಸೆಲ್’ ಅಂದರೆ ‘ಕೋಶ’ವೇ?

ಬಳಗದವರಿಗೆ ನಮಸ್ಕಾರ.

1937ರ ಡಿಸ್ನಿ ಅನಿಮೇಷನ್ ಚಿತ್ರ ‘ಸ್ನೋ ವೈಟ್’ ತಯಾರಾದ ಬಗೆಯ ಮೇಲಿನ ಲೇಖನವೊಂದರ ಕನ್ನಡ ಕರಡಿನಲ್ಲಿ ಈ ಸಾಲುಗಳಿವೆ: ‘ಮಹಿಳೆಯರು ಕೋಶಗಳ ಹಿಂಭಾಗಕ್ಕೆ ಬಣ್ಣ ಬಳಿದರು’, ‘ಮಧ್ಯವರ್ತಿಗಳು ಉಳಿದ ಚಿತ್ರಗಳನ್ನು ಬರೆದರು’, ‘ನಡಿಗೆಯನ್ನು ಎರಡರ ಮೇಲೆ ಚಿತ್ರೀಕರಿಸಲಾಯಿತು’, ‘ನಂತರ ಸ್ವಚ್ಛತಾ ವಿಭಾಗಕ್ಕೆ ಹೋಯಿತು’. ಒಂದೂ ಹಿಡಿಸುತ್ತಿಲ್ಲ. ‘ಸೆಲ್’ ಎಂದೇ ಬಿಟ್ಟರೆ ಟಾರ್ಚಿನ ಸೆಲ್ ಅಂದುಕೊಂಡಾರು. ಏನು ಮಾಡೋಣ?

ಉತ್ತರ:

‘ಕೋಶ’ ಖಂಡಿತ ಬೇಡ. ಇಂಗ್ಲಿಷಿನಲ್ಲಿ ಈ ಸೆಲ್‌ಗೆ ಒಂದೇ ‘ಎಲ್’, ಜೀವಕೋಶದ ಸೆಲ್‌ಗೆ ಎರಡು. ಕನ್ನಡ ಲಿಪಿಗೆ ಬಂದರೆ ಎರಡೂ ಒಂದೇ, ಅಲ್ಲೇ ಎಡವಿರುವುದು. ಇದು ಅನಿಮೇಷನ್ನಿನ ಚಿತ್ರ ಬರೆಯುವ ಪಾರದರ್ಶಕ ಹಾಳೆ; ಹೆಸರು ‘ಸೆಲ್ಯುಲಾಯ್ಡ್’ ಎಂಬ ಪ್ಲಾಸ್ಟಿಕ್ಕಿನ ಹೆಸರಿನ ಮೊಟಕು. ತಮಾಷೆಯೆಂದರೆ ಸೆಲ್ಯುಲಾಯ್ಡ್ ಬಂದದ್ದು ಸೆಲ್ಯುಲೋಸ್‌ನಿಂದ, ಸೆಲ್ಯುಲೋಸ್ ಬಂದದ್ದು ಸಸ್ಯದ ಜೀವಕೋಶದ ಹೆಸರಿನಿಂದ. ಅನುವಾದಕರು ಮುತ್ತಾತನ ಹೆಸರು ಹಿಡಿದು ಮರಿಮಗನನ್ನು ಕರೆದ ಹಾಗಾಗಿದೆ.

ವಸ್ತು ಏನೆಂದು ಗೊತ್ತಾದರೆ ಪದ ತಾನೇ ಸಿಗುತ್ತದೆ. ಪೆನ್ಸಿಲ್ ಚಿತ್ರದ ಕಾಗದಕ್ಕೂ ಈ ಪಾರದರ್ಶಕ ಹಾಳೆಗೂ ಅಂಚಿನಲ್ಲಿ ಒಂದೇ ಅಳತೆಯ ತೂತುಗಳಿರುತ್ತವೆ. ಎರಡನ್ನೂ ಗೂಟಗಳಿಗೆ ಸಿಕ್ಕಿಸಿ, ಕೆಳಗಿನ ಗೆರೆಯನ್ನು ಹಾಳೆಯ ಮುಂಬದಿಗೆ ಶಾಯಿಯಲ್ಲಿ ತಿದ್ದುತ್ತಾರೆ. ಶಾಯಿ ಒಣಗಿದ ಮೇಲೆ ಹಾಳೆ ಮಗುಚಿ, ಹಿಂಬದಿಯಲ್ಲಿ ಗೆರೆಯೊಳಗೆ ಬಣ್ಣ ತುಂಬುತ್ತಾರೆ. ಹಿಂಬದಿಗೇ ಯಾಕೆಂದರೆ, ಬಣ್ಣ ಗೆರೆಯ ಅಗಲದೊಳಗೆ ಸ್ವಲ್ಪ ಆಚೀಚೆಯಾದರೂ ಮುಂದಿನ ಶಾಯಿ ಅದನ್ನು ಮುಚ್ಚುತ್ತದೆ. ಕುಂಚದ ಬರೆಯೂ ಕ್ಯಾಮೆರಾಗೆ ಕಾಣದು. ಮೈಸೂರು, ತಂಜಾವೂರಿನ ಗಾಜಿನ ಚಿತ್ರಗಳನ್ನು ಬಲ್ಲವರಿಗೆ ಇದು ಹೊಸತಲ್ಲ, ಆದರೆ ಅಲ್ಲಿ ಗೆರೆಯೂ ಹಿಂಬದಿಯಲ್ಲೇ. ಬಣ್ಣ ತೀರಾ ದಪ್ಪವಾದರೆ ಹಾಳೆ ಬಾಗಿದಾಗ ಹಕ್ಕಳೆ ಏಳುತ್ತದೆ. ಬೆರಳಿನ ಜಿಡ್ಡು ತಾಗಿದಲ್ಲಿ ಶಾಯಿ ಹಿಡಿಯುವುದಿಲ್ಲ, ಅದಕ್ಕೇ ಹತ್ತಿಯ ಕೈಗವಸು.

ಇನ್ನೊಂದು ಸೂಕ್ಷ್ಮವಿದೆ. ಹಾಳೆ ಪೂರಾ ಪಾರದರ್ಶಕವಲ್ಲ. ಮೇಲೊಂದು ಹಾಳೆ ಬಿದ್ದರೆ ಕೆಳಗಿನ ಬಣ್ಣ ಒಂದು ಛಾಯೆ ಮಂಕಾಗುತ್ತದೆ. ಪಾತ್ರದ ಮೈ ಒಂದು ಹಾಳೆಯಲ್ಲಿ, ಆಡುವ ಕೈ ಮೇಲಿನ ಹಾಳೆಯಲ್ಲಿ ಇದೆಯೆನ್ನಿ. ಕೈ ಆಡುವುದು ಮುಗಿಯಿತೆಂದು ಮೇಲಿನದನ್ನು ತೆಗೆದುಬಿಟ್ಟರೆ ಮೈಬಣ್ಣ ತಟ್ಟನೆ ಬೆಳಗುತ್ತದೆ. ಹಾಗಾಗದಿರಲು ಖಾಲಿ ಹಾಳೆಯನ್ನಾದರೂ ಹಾಕಿ ಆ ದೃಶ್ಯದುದ್ದಕ್ಕೂ ಪದರಗಳ ಲೆಕ್ಕ ಸಮ ಇಡುತ್ತಾರೆ. ಹಳೆಯ ಹಾಳೆಗಳನ್ನು ತೊಳೆದು ಮತ್ತೆ ಬಳಸುವುದೂ ಇತ್ತು, ನಮ್ಮ ಸ್ಲೇಟಿನ ಹಾಗೆ. ಖಾಲಿಯಾಗಿದ್ದರೂ ಅದು ಸೆಲ್ಲೇ ಆದ್ದರಿಂದ ‘ಸೆಲ್‌ಚಿತ್ರ’ ಹೊಂದದು. ‘ಪಾರದರ್ಶಿಕೆ’ ಕೇಳಿದರೆ ಸರ್ಕಾರಿ ಆಡಳಿತ ನೆನಪಾಗುತ್ತದೆ. ‘ಸೆಲ್ ಹಾಳೆ’ ಎನ್ನಿ. ಟಾರ್ಚಿನ ಭಯವೂ ಹೋಯಿತು.

‘ಮಧ್ಯವರ್ತಿ’ ಓದಿದರೆ ಸೈಟು ಮಾರಿಸುವ ದಲ್ಲಾಳಿ ಕಣ್ಣಮುಂದೆ ಬರುತ್ತಾನೆ! ಮೂಲದ ‘ಇನ್‌ಬಿಟ್ವೀನರ್’ ಮಾಡುವ ಕೆಲಸ ಬೇರೆ. ಕೈ ಎತ್ತುವ ಅರ್ಧ ಸೆಕೆಂಡಿನ ಚಲನೆಗೆ ಫಿಲ್ಮಿನ 12 ಚೌಕಟ್ಟು (ಫ್ರೇಮ್). ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ತೆಗೆದರೆ 1, 3, 5, 7, 9, 11 ಎಂದು ಆರು ಚಿತ್ರ ಸಾಕು. ಅನಿಮೇಟರ್ 1 ಮತ್ತು 11ನ್ನು ಬರೆದು, ಕಾಗದದ ಬದಿಯಲ್ಲಿ ಒಂದು ಗೆರೆ ಎಳೆದು, ಉಳಿದ ನಾಲ್ಕು ಎಲ್ಲೆಲ್ಲಿ ಬೀಳಬೇಕೆಂದು ಗುರುತು ಹಾಕುತ್ತಾನೆ. ಗುರುತುಗಳು 11ರ ಕಡೆ ಒತ್ತಾಗಿದ್ದರೆ ಕೈ ಮೆಲ್ಲಗೆ ನಿಲ್ಲುತ್ತದೆ. ಆ ನಾಲ್ಕನ್ನು ಬರೆಯುವವರೇ ಇವರು. ತಪ್ಪುವುದು ಎಲ್ಲಿ ಗೊತ್ತೇ? ಮುಷ್ಟಿಯ ಎರಡು ಸ್ಥಾನಗಳ ನಡುವೆ ಸ್ಕೇಲಿಟ್ಟಂತೆ ನೇರ ಗೆರೆಯ ಮೇಲೆ ನಡುಬಿಂದು ಹಿಡಿದರೆ, ಭುಜದಿಂದ ಮುಷ್ಟಿಗೆ ದೂರ ಕಡಿಮೆಯಾಗಿ ಅರ್ಧದಾರಿಯಲ್ಲಿ ತೋಳೇ ಗಿಡ್ಡವಾಗುತ್ತದೆ. ಕಮಾನಿನ ಮೇಲೆ ಹಿಡಿಯಬೇಕು. ‘ನಡುಚಿತ್ರ’, ‘ನಡುಚಿತ್ರಗಾರ’ ಸಾಕು. ಅನಿಮೇಟರ್ ಬರೆಯುವ 1, 11ರಂಥ ಕೀ ಡ್ರಾಯಿಂಗ್‌ಗೆ ‘ಮುಖ್ಯಚಿತ್ರ’ ಎನ್ನಿ, ‘ಕೀಲಿ’ ಬೇಡ.

‘ಎರಡರ ಮೇಲೆ’ ಅನ್ನುವುದಕ್ಕೂ ಇದರಲ್ಲೇ ಉತ್ತರ ಸಿಕ್ಕಿತು: ‘ಎರಡು ಚೌಕಟ್ಟಿಗೊಂದು ಚಿತ್ರದಂತೆ’. ಉದ್ದವಾಯಿತು, ಆದರೆ ಅರ್ಥವಾಗುತ್ತದೆ. ಮೂಲವನ್ನು ಮಾತ್ರ ಒಮ್ಮೆ ನೋಡಿ. ಹಿನ್ನೆಲೆ ಸರಿಯುತ್ತಿರುವಾಗ ನಡಿಗೆಯನ್ನು ಸಾಮಾನ್ಯವಾಗಿ ಚೌಕಟ್ಟಿಗೊಂದರಂತೆ ಬರೆಯುತ್ತಾರೆ. ಇಲ್ಲದಿದ್ದರೆ ನೆಲ ಪ್ರತಿ ಚೌಕಟ್ಟಿಗೂ ಸರಿದು, ಪಾದ ಎರಡಕ್ಕೊಮ್ಮೆ ಸರಿದು, ಕಾಲು ಜಾರಿದಂತೆ ನಡುಗುತ್ತದೆ.

‘ಸ್ವಚ್ಛತಾ ವಿಭಾಗ’ ಪೌರಕಾರ್ಮಿಕರದ್ದಾಯಿತು. ಒರಟು ಪೆನ್ಸಿಲ್ ಗೆರೆಗಳಲ್ಲಿ ಒಂದನ್ನು ಆರಿಸಿ ತಿದ್ದುವ ಕೆಲಸ ಅದು. ‘ಗೆರೆ ತಿದ್ದುವ ವಿಭಾಗ’ ಎಂದರಾಯಿತು. ಲೇಖನ ಮುಂದೆ 1961ರ ಡಾಲ್ಮೇಷಿಯನ್ ನಾಯಿಗಳ ಚಿತ್ರಕ್ಕೆ ಬಂದರೆ ಧೈರ್ಯವಾಗಿ ‘ಜೆರಾಕ್ಸ್’ ಅನ್ನಿ. ಬೀದಿ ಮೂಲೆಯ ಅಂಗಡಿಯ ಪದ ಅಲ್ಲಿ ಅಕ್ಷರಶಃ ಸತ್ಯ: ಪೆನ್ಸಿಲ್ ಗೆರೆಯನ್ನೇ ಜೆರಾಕ್ಸ್ ವಿಧಾನದಿಂದ ನೇರ ಸೆಲ್ ಹಾಳೆಗೆ ಇಳಿಸಿದರು. ಅದಕ್ಕೇ ಆ ಚಿತ್ರದಲ್ಲಿ ಗೆರೆ ಕಪ್ಪಗೆ, ತರಿತರಿಯಾಗಿದೆ. ‘ಸ್ನೋ ವೈಟ್’ನಲ್ಲಿ ಬಣ್ಣದ ಶಾಯಿಯ ಕೈಗೆರೆ.

‘ಅನಿಮೇಟರ್’ನಂಥ ಪದಗಳನ್ನು ಹಾಗೇ ಬಿಡಿ. 1956ರಲ್ಲಿ ಮುಂಬಯಿಯ ಸರ್ಕಾರಿ ಚಿತ್ರಸಂಸ್ಥೆ ಫಿಲಂಸ್ ಡಿವಿಷನ್ನಿನ ಕಾರ್ಟೂನ್ ಘಟಕಕ್ಕೆ, ಡಿಸ್ನಿಯಲ್ಲಿ ಅನಿಮೇಟರ್ ಆಗಿದ್ದ ಕ್ಲೇರ್ ವೀಕ್ಸ್ ಬಂದು ಕಲಿಸಿದಾಗಲೂ ಕಸುಬಿನ ಮಾತು ಇಂಗ್ಲಿಷೇ.

ಮರುಪ್ರಶ್ನೆ:

ತುಂಬಾ ಉಪಕಾರವಾಯಿತು, ಸರ್. ಏಳು ಕುಳ್ಳರ ಹೆಸರುಗಳನ್ನೂ ಕನ್ನಡಿಸಿದ್ದಾರೆ. ಡೋಪಿಗೆ ‘ಮೂಗ’ ಎಂದಿದೆ.

ಉತ್ತರ:

ಅದು ತಪ್ಪು. ಡೋಪಿ ಮಾತಾಡುವುದಿಲ್ಲ ನಿಜ. ಆದರೆ ಅವನಿಗೆ ಮಾತು ಬರುತ್ತದೋ ಇಲ್ಲವೋ ಅವನಿಗೇ ಗೊತ್ತಿಲ್ಲ, ಪ್ರಯತ್ನವನ್ನೇ ಮಾಡಿಲ್ಲ ಎಂದು ಚಿತ್ರದಲ್ಲೇ ಇನ್ನೊಬ್ಬ ಕುಳ್ಳ ಹ್ಯಾಪಿ ಹೇಳುತ್ತಾನೆ. ‘ಮೂಗ’ ಎಂದರೆ ಆ ನಗೆ ಸತ್ತಿತು. ‘ಪೆದ್ದ’ ಅಥವಾ ‘ಮಂಕ’ ಇರಲಿ. ಗ್ರಿಮ್ ಸೋದರರ ಕಥೆಯಲ್ಲಿ ಕುಳ್ಳರಿಗೆ ಹೆಸರೇ ಇಲ್ಲ. 1912ರ ಬ್ರಾಡ್‌ವೇ ನಾಟಕದ ಹೆಸರುಗಳು ಬೇರೆಯೇ. ಇವು ಗುಣ ನೋಡಿ ಡಿಸ್ನಿಯವರು ಇಟ್ಟವು, ಹಾಗಾಗಿ ಗುಣ ಹಿಡಿದೇ ಕನ್ನಡಿಸಬಹುದು. ಗ್ರಂಪಿ ‘ಸಿಡುಕ’. ಡಾಕ್ ವೈದ್ಯನಲ್ಲ, ಮುಂದಾಳು, ಮೇಲಾಗಿ ಮಾತು ಅದಲುಬದಲು ಮಾಡುವವನು; ‘ಪಂಡಿತ’ ಎಂದರೆ ವ್ಯಂಗ್ಯವೂ ಉಳಿಯುತ್ತದೆ. ಇನ್ನು ಸದಾ ಸೀನುವ ಸ್ನೀಜಿಗೆ ಹುಡುಕಾಟವೇ ಬೇಡ, ನಮ್ಮಲ್ಲಿ ‘ಸೀನಪ್ಪ’ ಇದ್ದಾನಲ್ಲ.