ಸಹಾಯ ಬೇಕು: ಡ್ರ್ಯಾಗ್ ಕಾರಿಗೆ ಆಲ್ಟರ್ನೇಟರ್ ಬೇಕೋ, ಬ್ಯಾಟರಿಯೊಂದೇ ಸಾಕೋ?

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ನಾನೂ ನನ್ನ ತಮ್ಮನೂ ಹಳೆಯ ಮಾರುತಿ ಎಸ್ಟೀಮ್ ಒಂದನ್ನು 402 ಮೀಟರಿನ ನೇರ ಓಟಕ್ಕೆ (ಡ್ರ್ಯಾಗ್ ರೇಸ್) ಸಿದ್ಧಪಡಿಸುತ್ತಿದ್ದೇವೆ. ಭಾರ ಇಳಿಯಲೆಂದು ಆಲ್ಟರ್ನೇಟರ್ (ಎಂಜಿನ್ನಿನ ಬಲದಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬಿಚ್ಚಿಟ್ಟೆವು. ನೀರಿನ ಪಂಪ್ ಕೂಡ ಈಗ ವಿದ್ಯುತ್ತಿನದೇ.

ಮೊದಲ ಓಟ ಚೆನ್ನಾಗಿಯೇ ಆಯಿತು. ಆದರೆ ಸರದಿಯಲ್ಲಿ ಕಾಯುವಾಗ ಫ್ಯಾನ್, ಎರಡು ಪಂಪ್, ಇಗ್ನಿಷನ್ ಎಲ್ಲವೂ ಬ್ಯಾಟರಿಯನ್ನೇ ಹೀರುತ್ತವೆ. 12.6 ವೋಲ್ಟ್ ಇದ್ದದ್ದು ಮೂರನೆಯ ಓಟದ ಹೊತ್ತಿಗೆ 11.4ಕ್ಕೆ ಇಳಿದಿತ್ತು. ನಾಲ್ಕನೆಯ ಗೇರಿನಲ್ಲಿ ಎಂಜಿನ್ ತಡವರಿಸಿತು. ವೋಲ್ಟ್ ಇಳಿದರೆ ಪೆಟ್ರೋಲ್ ಪಂಪಿನ ಒತ್ತಡವೂ ಇಳಿಯುತ್ತದೆ. ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಟ್ಟೀತೆಂಬುದೇ ನನ್ನ ದೊಡ್ಡ ಭಯ.

ಲೆಕ್ಕ ಹಾಕಿದೆ: 30 ಆಂಪಿಯರ್, 14 ವೋಲ್ಟ್ ಎಂದರೆ 420 ವ್ಯಾಟ್. ಆಲ್ಟರ್ನೇಟರಿನ ನಷ್ಟ ಸೇರಿಸಿದರೂ ಎಂಜಿನ್ನಿಗೆ ತಗಲುವುದು ಸುಮಾರು ಒಂದು ಅಶ್ವಶಕ್ತಿ. ಇಷ್ಟಕ್ಕಾಗಿ ಬಿಚ್ಚಿದ್ದು ತಪ್ಪೆಂದು ನನಗೆ ಅನ್ನಿಸುತ್ತಿದೆ. ತಮ್ಮ ಒಪ್ಪುತ್ತಿಲ್ಲ, 16 ವೋಲ್ಟಿನ ಬ್ಯಾಟರಿ ಹಾಕೋಣ ಎನ್ನುತ್ತಾನೆ. ಕಾರಿನ ಮೂಲ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಕಿಡಿ ಹೊತ್ತಿಸುವ ಕಾಯಿಲ್‌ಗಳು ಅದನ್ನು ತಡೆಯುತ್ತವೆಯೇ? ಯಾರಾದರೂ ಹಾಕಿ ನೋಡಿದ್ದೀರಾ?

ಇನ್ನೊಂದು ಮಾತು. ಆಲ್ಟರ್ನೇಟರ್ ಮರಳಿ ಕೂರಿಸಿದರೆ, ಹಿಂಬದಿಯ ಕಟ್‌ಆಫ್ ಸ್ವಿಚ್ ಬ್ಯಾಟರಿಯನ್ನು ಬೇರ್ಪಡಿಸಿದರೂ ಆಲ್ಟರ್ನೇಟರಿನ ವಿದ್ಯುತ್ತಿನಿಂದಲೇ ಎಂಜಿನ್ ಓಡುತ್ತಲೇ ಇರಬಹುದು. ಅಪಘಾತದಲ್ಲಿ ಅದು ಪ್ರಾಣಕ್ಕೇ ಕುತ್ತು. ಎರಡನ್ನೂ ಒಟ್ಟಿಗೆ ಕಡಿಯುವ ವೈರಿಂಗ್ ಬಲ್ಲ ಆಟೋ ಎಲೆಕ್ಟ್ರಿಷಿಯನ್ ಹುಬ್ಬಳ್ಳಿ, ಧಾರವಾಡ ಅಥವಾ ಗದಗಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಕಾರನ್ನು ನಾವೇ ತರುತ್ತೇವೆ.