ಕುದ್ರುವಿನ ಕರಿ ಮರಳು ಅಪಾಯವಾ? ಜಾಗದ ವಿಕಿರಣ ಅಳೆಸುವುದು ಹೇಗೆ?

ಪ್ರಶ್ನೆ: ಸಾರ್, ನಮಸ್ಕಾರ. ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಉಡುಪಿ ಕಡೆ ಹೊಳೆ ಸಮುದ್ರ ಸೇರುವ ಜಾಗದಲ್ಲಿ ಒಂದು ಕುದ್ರು, ಅಂದರೆ ಪುಟ್ಟ ದ್ವೀಪ, ಇದೆ. ಸುತ್ತ ನೀರು, ನಡುವೆ ದೊಡ್ಡಪ್ಪನ ಮನೆ, ತೆಂಗಿನ ತೋಟ. ಮಳೆ ಮುಗಿದ ಮೇಲೆ ಹೋದಾಗ ದಡದಲ್ಲಿ ಕಪ್ಪು ಮರಳಿನ ಪಟ್ಟೆ ಬಿದ್ದಿತ್ತು. ಮಗಳು ಒಂದು ಬಾಟಲಿ ತುಂಬಿಕೊಂಡು ಬಂದಳು. ಅದೀಗ ಅವಳು ಓದುವ ಮೇಜಿನ ಮೇಲಿದೆ. ಪಕ್ಕದ ಮನೆಯವರು "ಅದು ಥೋರಿಯಂ, ವಿಕಿರಣ ಬರುತ್ತದೆ, ಮೊದಲು ಆಚೆ ಹಾಕಿ" ಅಂದರು. ರಾತ್ರಿ ನಿದ್ದೆ ಬರಲಿಲ್ಲ. ಆ ಜಾಗದಲ್ಲಿ ಏನೇನಿದೆ ಅಂತ ಸರಿಯಾಗಿ ತಿಳಿಯುವುದು ಹೇಗೆ?

ಉತ್ತರ: ಮೇಡಂ, ಗಾಬರಿ ಬೇಡ. ಕಪ್ಪು ಬಣ್ಣ ನೋಡಿ ಥೋರಿಯಂ ಅನ್ನುವುದಕ್ಕೆ ಆಗುವುದಿಲ್ಲ. ಕಪ್ಪಾಗಿರುವುದು ಹೆಚ್ಚಾಗಿ ಇಲ್ಮನೈಟ್, ಮ್ಯಾಗ್ನೆಟೈಟ್ ಎಂಬ ಕಬ್ಬಿಣ ಇರುವ ಖನಿಜಗಳು. ಥೋರಿಯಂ ಇರುವುದು ಮೊನಜೈಟ್ ಎಂಬ ಖನಿಜದಲ್ಲಿ. ಅದರ ಕಾಳು ಜೇನುತುಪ್ಪದ ಬಣ್ಣ. ಬಿಳಿ ಹಾಳೆ ಮೇಲೆ ಒಂದು ಚಿಟಿಕೆ ಮರಳು ಹರಡಿ, ಭೂತಗನ್ನಡಿಯಲ್ಲಿ ನೋಡಿ. ಫ್ರಿಜ್ ಮೇಲಿನ ಅಯಸ್ಕಾಂತ ಹಿಡಿದರೆ ಮ್ಯಾಗ್ನೆಟೈಟ್ ಥಟ್ಟನೆ ಅಂಟುತ್ತದೆ. ಮೊನಜೈಟ್ ಅಂಟುವುದಿಲ್ಲ. ಕೆಂಪು ಛಾಯೆಯ ಕಾಳು ಕಂಡರೆ ಗಾರ್ನೆಟ್ ಇರಬಹುದು.

ಮಳೆಗಾಲದ ಅಲೆ ಹಗುರವಾದ ಬಿಳಿ ಮರಳನ್ನು ಎಳೆದುಕೊಂಡು ಹೋಗುತ್ತದೆ, ಭಾರದ್ದು ದಡದಲ್ಲೇ ಉಳಿಯುತ್ತದೆ. ಬಿಳಿ ಮರಳು ನೀರಿಗಿಂತ 2.65 ಪಟ್ಟು ಭಾರ, ಮೊನಜೈಟ್ ಸುಮಾರು 5 ಪಟ್ಟು. ಮೊರದಲ್ಲಿ ಅಕ್ಕಿ ಕೇರಿದ ಹಾಗೆ, ಕೇರುವುದು ಸಮುದ್ರ ಅಷ್ಟೇ. ಹಾಗಾಗಿ ಆ ಪಟ್ಟೆಯಿಂದ ಮಾತ್ರ ಮರಳು ತೆಗೆದು ಲ್ಯಾಬಿಗೆ ಕೊಟ್ಟರೆ ಇಡೀ ಕುದ್ರುವಿನ ಲೆಕ್ಕ ತಪ್ಪುತ್ತದೆ. ತೋಟದ ಮಣ್ಣು, ಬಾವಿ ಪಕ್ಕ, ಅಂಗಳ, ದಡ, ಎಲ್ಲ ಕಡೆಯಿಂದಲೂ ಬೇಕು. ವಿಕಿರಣ ಅಳೆಯುವ ಮೀಟರಿನಲ್ಲಿ ನೋಡುವುದಾದರೆ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿದು, ಹತ್ತು ನಿಮಿಷದ ಸರಾಸರಿ ಬರೆದುಕೊಳ್ಳಿ. ಅದೇ ಮೀಟರಿನಲ್ಲಿ ನಿಮ್ಮ ವಿಜಯನಗರದ ಮನೆಯನ್ನೂ ಅಳೆಯಿರಿ. ಮನೆಗೆ ಹಾಕುವ ಗ್ರಾನೈಟ್‌ನಲ್ಲೂ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಆಕಾಶದಿಂದ ಬರುವ ಕಿರಣವೂ ಕರಾವಳಿಗಿಂತ ಸ್ವಲ್ಪ ಜಾಸ್ತಿ.

ಬಾಟಲಿಯ ಮುಚ್ಚಳ ಬಿಗಿ ಮಾಡಿಡಿ. ಮುಂದಿನ ಸಲ ಹೋದಾಗ ದಡದಲ್ಲೇ ಸುರಿದು ಬನ್ನಿ.

ಪ್ರಶ್ನೆ: ಲ್ಯಾಬಿನಲ್ಲಿ ವಿಚಾರಿಸಿದೆ ಸಾರ್. ರಿಪೋರ್ಟಿಗೆ ಒಂದು ತಿಂಗಳಿಗಿಂತ ಜಾಸ್ತಿ ಬೇಕಂತೆ. ಸುಮ್ನೆ ಕಾಯಿಸುತ್ತಿದ್ದಾರಾ?

ಉತ್ತರ: ಇಲ್ಲ ಮೇಡಂ, ತಿಂಗಳು ಬೇಕು ಅಂದರೆ ಅವರು ಕೆಲಸ ಬಲ್ಲವರು. ಮಣ್ಣನ್ನು 110 ಡಿಗ್ರಿಯಲ್ಲಿ ಒಣಗಿಸಿ, ಜರಡಿ ಹಿಡಿದು, ಗಾಳಿ ಆಡದ ಡಬ್ಬಿಯಲ್ಲಿ ಮುಚ್ಚುತ್ತಾರೆ. ಮಣ್ಣಿನ ಯುರೇನಿಯಂನಿಂದ ರೇಡಿಯಂ ಬರುತ್ತದೆ. ಆ ರೇಡಿಯಂನಿಂದ ಹುಟ್ಟುವ ರೇಡಾನ್ ಒಂದು ಅನಿಲ, ತಪ್ಪಿಸಿಕೊಂಡು ಹೋಗುತ್ತದೆ. ಅದರ ಅರ್ಧಾಯುಷ್ಯ 3.8 ದಿನ, ಅಂದರೆ ಅಷ್ಟು ದಿನದಲ್ಲಿ ಅರ್ಧ ಕರಗುತ್ತದೆ. ಡಬ್ಬಿಯೊಳಗೆ ಅದು ಮತ್ತೆ ಪೂರ್ತಿ ತುಂಬಿಕೊಳ್ಳಲು ನಾಲ್ಕು ವಾರ ಹಿಡಿಯುತ್ತದೆ. ಆಮೇಲೆ ವಿಕಿರಣ ಎಣಿಸಿದರೆ ಮಾತ್ರ ರೇಡಿಯಂ ಲೆಕ್ಕ ನಂಬಬಹುದು.

ರಿಪೋರ್ಟಿನಲ್ಲಿ ಮೂರು ಸಂಖ್ಯೆ ಇರುತ್ತವೆ. ಜಗತ್ತಿನ ಸಾಮಾನ್ಯ ಮಣ್ಣಿನಲ್ಲಿ ಕೆ.ಜಿ.ಗೆ ರೇಡಿಯಂ 35, ಥೋರಿಯಂ 30, ಪೊಟ್ಯಾಸಿಯಂ 400 ಬೆಕೆರೆಲ್ ಆಸುಪಾಸು (ಬೆಕೆರೆಲ್ ಅಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು). ಥೋರಿಯಂ ಅನ್ನು 1.43ರಿಂದ, ಪೊಟ್ಯಾಸಿಯಂ ಅನ್ನು 0.077ರಿಂದ ಗುಣಿಸಿ ರೇಡಿಯಂಗೆ ಕೂಡಿಸಿ. ಮನೆ ಕಟ್ಟುವ ಸಾಮಗ್ರಿಗೆ ಈ ಮೊತ್ತ 370 ದಾಟಬಾರದು. ಉದಾಹರಣೆಗೆ 30, 50, 300 ಬಂದರೆ ಮೊತ್ತ ಸುಮಾರು 125.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಕೇರಳದಲ್ಲಿ ಇಂಥ ಮರಳಿನ ಮೇಲೇ ಜನ ವಾಸ ಮಾಡುತ್ತಾರಂತೆ, ಹೌದಾ? ಮೊನಜೈಟ್ ಸಿಕ್ಕರೆ ಮಾರಬಹುದಾ?

ಉತ್ತರ: ಹೌದು, ಕರುನಾಗಪ್ಪಳ್ಳಿ ಕಡೆ. ಅಲ್ಲಿ ಸುಮಾರು 70,000 ಜನರನ್ನು ಹತ್ತು ವರ್ಷ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಇನ್ನು ಮಾರಾಟ. ಮೊನಜೈಟ್ ಅಣುಶಕ್ತಿ ಕಾನೂನಿನಡಿ ಬರುವ ಖನಿಜ, ಲೈಸೆನ್ಸ್ ಇಲ್ಲದೆ ಮುಟ್ಟುವ ಹಾಗಿಲ್ಲ. ದಡದ ಮರಳನ್ನೂ ಅನುಮತಿ ಇಲ್ಲದೆ ತೆಗೆಯಬೇಡಿ. ಕುದ್ರುವನ್ನು ಹಿಡಿದಿಟ್ಟಿರುವುದೇ ಆ ಮರಳು ಮತ್ತು ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡ.

ಪ್ರಶ್ನೆ: ಸಾರ್, ಇನ್ನೊಂದು ವಿಷಯ. ಹೋದ ವರ್ಷ ದೊಡ್ಡಪ್ಪ ಬೋರ್ ಹಾಕಿಸಿ ಮೋಟಾರ್ ಇಟ್ಟರು. ಏಪ್ರಿಲ್‌ನಲ್ಲಿ ಕಾಫಿ ಮಾಡಿದರೆ ಹಾಲು ಒಡೆಯುತ್ತಿತ್ತು. ನೀರು ಉಪ್ಪಾಗಿದೆ.

ಉತ್ತರ: ಮೇಡಂ, ಇದನ್ನು ಮೊದಲೇ ಹೇಳಬೇಕಿತ್ತು. ನನಗೆ ಮರಳಿಗಿಂತ ಇದರ ಚಿಂತೆ ಜಾಸ್ತಿ. ಕುದ್ರುವಿನ ಕೆಳಗೆ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಹುದು. ಮೋಟಾರ್ ಹಾಕಿ ಆ ಒಂದು ಅಡಿ ಇಳಿಸಿದರೆ ಉಪ್ಪು ಕೆಳಗಿನಿಂದ ಏರಿ ಬರುತ್ತದೆ. ಹಳಬರು ಆಳ ಕಮ್ಮಿ, ಅಗಲ ಜಾಸ್ತಿ ಇರುವ ಬಾವಿ ತೋಡುತ್ತಿದ್ದುದು ಇದಕ್ಕೇ. ಬೋರ್ ನಿಲ್ಲಿಸಿ. ಹಳೇ ಬಾವಿ ಇದ್ದರೆ ಹೂಳು ತೆಗೆಸಿ, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಎತ್ತಿ. ಮನೆ ಮಾಡಿನ ಮಳೆನೀರನ್ನು ಸೋಸಿ ಬಾವಿಗೆ ಬಿಡಿ.

ಪ್ರಶ್ನೆ: ಹಳೇ ಬಾವಿ ಇದೆ ಸಾರ್, ಹಲಗೆ ಮುಚ್ಚಿದ್ದಾರೆ. ಭಾನುವಾರ ಹೋಗುತ್ತೇವೆ. ಏನು ತೆಗೆದುಕೊಂಡು ಹೋಗಲಿ?

ಉತ್ತರ: ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್, ಒಂದು ನೋಟ್‌ಬುಕ್ ಸಾಕು. ಬೋರ್ ಮತ್ತು ಬಾವಿ ಎರಡನ್ನೂ ಭರತ ಇದ್ದಾಗ ಒಮ್ಮೆ, ಇಳಿತ ಇದ್ದಾಗ ಒಮ್ಮೆ ನೋಡಿ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2000ದವರೆಗೆ ಮಿತಿ. ಒಂದು ಲೀಟರ್ ಬಾವಿ ನೀರನ್ನು ಲ್ಯಾಬಿಗೂ ಕೊಟ್ಟು ಯುರೇನಿಯಂ ನೋಡಿಸಿ, ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಬಾವಿಯ ಹಲಗೆ ತೆಗೆಯುವಾಗ ಮಗಳನ್ನು ದೂರ ನಿಲ್ಲಿಸಿ. ಸಂಖ್ಯೆಗಳನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.