‘ನಿರ್ವಹಣಾ ವೆಚ್ಚ’ ಅಂದರೆ ಯಾವ ಖರ್ಚು?

ಗೆಳೆಯರಿಗೆ ಶಿವಮೊಗ್ಗದಿಂದ ನಮಸ್ಕಾರ.

ಬ್ರಿಟನ್ನಿನ ‘ಹೌಸಿಂಗ್ ಬೆನಿಫಿಟ್’ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಡಿಮೆ ಆದಾಯದವರಿಗೆ ಮನೆ ಬಾಡಿಗೆ ಕಟ್ಟಲು ಸಿಗುವ ನೆರವು ಅದು. ಅರ್ಜಿ ತೆಗೆದುಕೊಳ್ಳುವುದು, ಆದಾಯ ನೋಡುವುದು, ಹಣ ಕೊಡುವುದು ಎಲ್ಲವೂ ಆಯಾ ಊರಿನ ಕೌನ್ಸಿಲ್ (ನಮ್ಮ ನಗರಸಭೆಯಂಥ ಸಂಸ್ಥೆ) ಕೆಲಸ. ಹೀಗೆ ಕೊಟ್ಟ ಹಣದ ಬಹುಪಾಲನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಈ ಕೆಲಸಕ್ಕೆ ಕೌನ್ಸಿಲ್ ಮಾಡುವ ಖರ್ಚಿಗೆ ಇನ್ನೊಂದು ಮೊತ್ತ ಬೇರೆ ಬರುತ್ತದೆ. ಈ ಎರಡನೇ ಖರ್ಚಿಗೆ ಏನನ್ನೋಣ?

‘ನಿರ್ವಹಣಾ ವೆಚ್ಚ’ ಸುಲಭಕ್ಕೆ ಸಿಗುತ್ತದೆ. ಆದರೆ ವಸತಿಯ ಮಾತಿನಲ್ಲಿ ಅದು ಎಡವಟ್ಟು. ‘ವಸತಿ ನಿರ್ವಹಣಾ ವೆಚ್ಚ’ ಅಂದರೆ ಮಲೆನಾಡಿನವರಿಗೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಖರ್ಚು ಅನ್ನಿಸುತ್ತದೆ, ಅಲ್ವಾ?

‘ಆಡಳಿತ ವೆಚ್ಚ’ ಸರ್ಕಾರಿ ಕಾಗದದಲ್ಲಿ ನಡೆಯುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆ-ಗ್ರಾಮೀಣದ 2016ರ ಮಾರ್ಗಸೂಚಿಯಲ್ಲಿ ಇದಕ್ಕೆ ಯೋಜನೆಯ ಹಣದಲ್ಲಿ ಶೇ. 4ರವರೆಗೆ ಇಟ್ಟಿದ್ದರು. ನರೇಗಾದಲ್ಲಿ ಶೇ. 6ರ ಮಿತಿ ಇತ್ತು. ಆದರೆ ಸಾಮಾನ್ಯ ಓದುಗರು ‘ಆಡಳಿತ’ ಅಂದ ಕೂಡಲೇ ಇಡೀ ಸರ್ಕಾರದ ಸಂಬಳ, ಕಾರು ಎಲ್ಲ ನೆನೆಸಿಕೊಳ್ಳುತ್ತಾರೆ. ‘ಸಾದಿಲ್ವಾರು’ ನನಗೆ ತುಂಬಾ ಇಷ್ಟದ ಪದ. ಆದರೆ ಅದರಲ್ಲಿ ಕಾಗದ, ಅಂಚೆಯಂಥ ಚಿಲ್ಲರೆ ಖರ್ಚು ಬರುತ್ತದೆಯೇ ಹೊರತು ಗುಮಾಸ್ತರ ಸಂಬಳ ಬರುವುದಿಲ್ಲ.

ನಮ್ಮ ಕಡೆ ಈ ಖರ್ಚಿನ ರೂಪವೇ ಬೇರೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಸರ್ಕಾರಿ ವಸತಿ ಯೋಜನೆಯ ಮನೆ ಒಂದೊಂದು ಹಂತಕ್ಕೆ ಬಂದಾಗಲೂ ಪಂಚಾಯಿತಿಯವರು ಸ್ಥಳಕ್ಕೇ ಹೋಗಿ ಜಿಪಿಎಸ್ ಫೋಟೋ ತೆಗೆಯಬೇಕು. ಆಮೇಲೇ ಬಿಲ್. ಹೊಸನಗರ, ತೀರ್ಥಹಳ್ಳಿ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯಬೇಕು. ಈ ತಿರುಗಾಟ ಫಲಾನುಭವಿಯ ಖಾತೆಗೆ ಬಿದ್ದ ದುಡ್ಡಿನಲ್ಲಿ ಎಲ್ಲೂ ಕಾಣುವುದಿಲ್ಲ. ‘ಓಡಾಟದ ಖರ್ಚು’ ಅನ್ನಬಹುದಿತ್ತು. ಆದರೆ ಕಚೇರಿ ಬಾಗಿಲಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಇದೆ, ಬಿಡಿ!

ಸದ್ಯಕ್ಕೆ ನನ್ನ ಒಲವು ‘ಜಾರಿ ಖರ್ಚು’ ಕಡೆಗೆ. 2013ರಿಂದ ಬ್ರಿಟನ್ನಿನಲ್ಲಿ ದುಡಿಯುವ ವಯಸ್ಸಿನವರ ಬಾಡಿಗೆ ನೆರವು, ಹಲವು ನೆರವುಗಳನ್ನು ಒಂದೇ ಮಾಡಿ ಕೇಂದ್ರ ಸರ್ಕಾರವೇ ಕೊಡುವ ‘ಯೂನಿವರ್ಸಲ್ ಕ್ರೆಡಿಟ್’ಗೆ ಮೆಲ್ಲಗೆ ಸೇರುತ್ತಾ ಬಂತು. ಕೌನ್ಸಿಲ್‌ಗಳ ಕೈಯಲ್ಲಿ ಮುಖ್ಯವಾಗಿ ಪಿಂಚಣಿ ವಯಸ್ಸಿನವರು, ತಾತ್ಕಾಲಿಕ ವಸತಿಯಲ್ಲಿರುವವರು ಉಳಿದರು. ಹಾಗಾಗಿ ‘ಅರ್ಜಿ ಕಡಿಮೆಯಾದಷ್ಟು ಜಾರಿ ಖರ್ಚು ಇಳಿಯಲಿಲ್ಲ’ ಎಂದು ಬರೆದಿದ್ದೇನೆ. ಓದೋಕೆ ಸರಿಯಾಗಿದೆಯಾ? ಕಾನೂನು, ಸಮನ್ಸ್ ಜಾರಿ ಮಾಡುತ್ತಾರೆ, ಸರಿ. ತಿಂಗಳು ತಿಂಗಳು ಬಾಡಿಗೆ ಹಣ ಕೊಡುವುದೂ ‘ಜಾರಿ’ ಆಗುತ್ತದಾ?

ಇನ್ನೆರಡು ಸಣ್ಣ ವಿಷಯ. ಕೌನ್ಸಿಲ್‌ಗೆ ಬರುವ ಮೊತ್ತವನ್ನು ‘ಅನುದಾನ’ ಎಂದೇ ಇಟ್ಟಿದ್ದೇನೆ. ‘ಸಹಾಯಧನ’ ಅಂದರೆ ಬಾಡಿಗೆದಾರರಿಗೆ ಬಂದದ್ದು ಅಂದುಕೊಳ್ಳುತ್ತಾರೆ. ಕೌನ್ಸಿಲ್‌ಗೆ ಇಂಗ್ಲಿಷಿನಲ್ಲಿ ಹೇಳುವ ‘ಲೋಕಲ್ ಅಥಾರಿಟಿ’ಗೆ ‘ಸ್ಥಳೀಯ ಪ್ರಾಧಿಕಾರ’ ಬೇಡವೇ ಬೇಡ. ಪ್ರಾಧಿಕಾರ ಅಂದರೆ ಇಲ್ಲಿ ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ), ಸೈಟು, ಲೇಔಟು. ‘ಸ್ಥಳೀಯ ಸಂಸ್ಥೆ’ ಸಾಕು.

ತಾಲ್ಲೂಕು ಪಂಚಾಯಿತಿಯ ಲೆಕ್ಕದ ವಿಭಾಗದಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ಸಂಬಳ, ಓಡಾಟ, ಕಂಪ್ಯೂಟರ್ ಮೂರನ್ನೂ ಸೇರಿಸಿ ಹೇಳಲು ನಿಮ್ಮಲ್ಲಿ ಯಾವ ಪದ ಬಳಸುತ್ತಿದ್ದರು?